ಬೀಗದ ಕೈ ಎಲ್ಲಿಡಬೇಕು?

ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿಯೇ ಕುಳಿತು, ಕೈಯಲ್ಲಿರುವ ಫೋನಿನಲ್ಲಿ ನೋಂದಣಿ ಸಂಖ್ಯೆಯನ್ನು ಒತ್ತುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವರವರ ಅಂಕಗಳು ಅವರವರ ಕಣ್ಣ ಮುಂದೆ ಮೂಡುತ್ತವೆ. ಈ ಅಂಕಗಳೆಲ್ಲ ಎಲ್ಲಿಯೋ ಒಂದು ಕಡೆ ಸಂಗ್ರಹವಾಗಿರಲೇಬೇಕಷ್ಟೆ. ಆ ಸ್ಥಳಕ್ಕೆ ಯಾರು ಬೇಕಾದರೂ ನುಗ್ಗಿ ಮೂವತ್ತೈದನ್ನು ತೊಂಬತ್ತೈದು ಮಾಡುವಂತಿದ್ದರೆ ಫಲಿತಾಂಶಕ್ಕೆ ಮೂರು ಕಾಸಿನ ಬೆಲೆಯೂ ಉಳಿಯದು. ಆದುದರಿಂದ ಆ ಸಂಗ್ರಹಕ್ಕೆ ಒಂದು ಬಾಗಿಲಿದೆ, ಬಾಗಿಲಿಗೊಂದು ಬೀಗವಿದೆ, ಬೀಗಕ್ಕೊಂದು ಕೈ ಇದೆ. ಆ ಕೈಯನ್ನು ಮಾಡಿಸುವುದು ಹೇಗೆ, ಮಾಡಿಸಿದ ಮೇಲೆ ಅದನ್ನು ಇಡುವುದು ಎಲ್ಲಿ ಎಂಬುದು ನೋಡಲು ಸಣ್ಣ ಪ್ರಶ್ನೆ. ಆದರೆ ಗಣಕಯಂತ್ರಗಳನ್ನು ನೋಡಿಕೊಳ್ಳುವವರ ನಿದ್ದೆಯನ್ನು ಕೆಡಿಸಿದ ಪ್ರಶ್ನೆ.

ಮಾಹಿತಿಯನ್ನು ಬೇಕೆಂದಾಗ ಹುಡುಕಿ ತೆಗೆಯಲು ಬರುವಂತೆ ಜೋಡಿಸಿಟ್ಟ ಸಂಗ್ರಹಕ್ಕೆ ಡೇಟಾಬೇಸ್ ಎಂದು ಹೆಸರು. ಕನ್ನಡದಲ್ಲಿ ದತ್ತಸಂಚಯ ಎನ್ನುತ್ತೇವೆ. ಇಂತಹ ಸಂಗ್ರಹಗಳನ್ನು ಸಾಲು ಮತ್ತು ಕಂಬಸಾಲುಗಳುಳ್ಳ ಕೋಷ್ಟಕಗಳ ರೂಪದಲ್ಲಿ ಇಡಬಹುದೆಂದು 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರು ತೋರಿಸಿಕೊಟ್ಟರು. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ದತ್ತಸಂಚಯಗಳಲ್ಲಿ ಹಲವು ಆ ದಾರಿಯಲ್ಲಿಯೇ ನಡೆಯುತ್ತವೆ. ಅವುಗಳಲ್ಲೊಂದು ಪೋಸ್ಟ್‌ಗ್ರೆಸ್ಕ್ಯೂಎಲ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಕೆಲಸವೊಂದು ಬೆಳೆದು 1996ರಲ್ಲಿ ಈ ಹೆಸರನ್ನು ಪಡೆಯಿತು. ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದಾದ ಈ ದತ್ತಸಂಚಯವನ್ನೇ ನಮ್ಮ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರು ಉದ್ದವಾದುದರಿಂದ, ಅದರ ಬಳಕೆದಾರರಂತೆ ನಾವೂ ಪೋಸ್ಟ್‌ಗ್ರೆಸ್ ಎಂದೇ ಕರೆಯೋಣ.

ವಿದ್ಯಾರ್ಥಿಯು ನೇರವಾಗಿ ದತ್ತಸಂಚಯದ ಬಾಗಿಲಿಗೆ ಹೋಗುವುದಿಲ್ಲ. ಬ್ಯಾಂಕಿಗೆ ಹೋದವರು ತಾವೇ ಖಜಾನೆಯ ಕೋಣೆಗೆ ಹೋಗಿ ಹಣ ಎಣಿಸಿಕೊಳ್ಳುವುದುಂಟೆ? ಚೀಟಿಯನ್ನು ಗುಮಾಸ್ತರ ಕೈಗೆ ಕೊಡುತ್ತಾರೆ. ಒಳಗಿನ ಕೆಲಸವೆಲ್ಲ ಗುಮಾಸ್ತರದು. ಗಣಕದ ಲೋಕದಲ್ಲಿ ಈ ಗುಮಾಸ್ತಿಕೆಯನ್ನು ಮಾಡುವ ಪ್ರೋಗ್ರಾಮಿಗೆ ಸೇವೆ ಎಂದು ಹೆಸರು. ಸೇವೆಯು ನಿಮ್ಮ ನೋಂದಣಿ ಸಂಖ್ಯೆಯನ್ನು ಪಡೆದು, ದತ್ತಸಂಚಯದ ಬಾಗಿಲಿಗೆ ಹೋಗಿ, ತನ್ನ ಹೆಸರನ್ನೂ ತನ್ನ ಗುಪ್ತಪದವನ್ನೂ ಹೇಳುತ್ತದೆ. ಎರಡೂ ಸರಿಯಾಗಿದ್ದರೆ ಬಾಗಿಲು ತೆರೆಯುತ್ತದೆ. ಹೆಸರು ಎಲ್ಲರಿಗೂ ತಿಳಿದಿದ್ದರೆ ಹಾನಿಯಿಲ್ಲ. ಗುಪ್ತಪದ ಮಾತ್ರ ಮೂರನೆಯವರಿಗೆ ತಿಳಿಯಬಾರದು.

ಇಲ್ಲಿಯೇ ತೊಡಕು ಆರಂಭವಾಗುತ್ತದೆ. ಮನುಷ್ಯನಾದರೆ ಗುಟ್ಟನ್ನು ತಲೆಯಲ್ಲಿಟ್ಟುಕೊಳ್ಳುತ್ತಾನೆ. ಸೇವೆಗೆ ತಲೆಯೆಲ್ಲಿದೆ? ನಡುರಾತ್ರಿ ಎರಡು ಗಂಟೆಗೆ ವಿದ್ಯುತ್ತು ಹೋಗಿ ಬಂದಿತೆನ್ನಿ. ಗಣಕವು ತಾನಾಗಿಯೇ ಮತ್ತೆ ಚಾಲೂ ಆಗುತ್ತದೆ, ಸೇವೆಯೂ ಏಳುತ್ತದೆ. ಆಗ ಗುಪ್ತಪದವನ್ನು ಬೆರಳಚ್ಚಿಸಲು ಎಚ್ಚರವಾಗಿರುವವರು ಯಾರೂ ಇರುವುದಿಲ್ಲ. ಆದುದರಿಂದ ಅದನ್ನು ಎಲ್ಲಿಯಾದರೂ ಬರೆದಿಡಲೇಬೇಕು. ಗುಟ್ಟನ್ನು ಬರೆದಿಡಬಾರದು ಎನ್ನುವುದು ಹಿರಿಯರ ಮಾತು; ಬರೆದಿಡದೆ ಗತಿಯಿಲ್ಲ ಎನ್ನುವುದು ಯಂತ್ರದ ಪರಿಸ್ಥಿತಿ.

ಬರೆದಿಟ್ಟ ಗುಟ್ಟು ಬಯಲಾದ ಕಥೆ ಗುಪ್ತಪದದಷ್ಟೇ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫೆರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವ ವಿಧಾನವನ್ನು ರೂಪಿಸಿ, 1961ರಲ್ಲಿ ಅದನ್ನು ಪ್ರದರ್ಶಿಸಿದರು. ಯಂತ್ರ ಒಂದು, ಬಳಸುವವರು ಹಲವರು. ಒಬ್ಬರ ಕಾಗದಪತ್ರವನ್ನು ಇನ್ನೊಬ್ಬರು ನೋಡದಂತೆ ಮಾಡಲು ಒಬ್ಬೊಬ್ಬರಿಗೂ ಒಂದೊಂದು ಗುಪ್ತಪದವನ್ನು ಕೊಟ್ಟರು. ಈ ಪದಗಳೆಲ್ಲ ಗಣಕದ ಒಂದು ಕಡತದಲ್ಲಿ, ಇದ್ದುದು ಇದ್ದ ಹಾಗೆಯೇ ಇದ್ದವು. ಆ ಸಂಸ್ಥೆಯಲ್ಲಿ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಯಿದ್ದ. ಅವನಿಗೆ ಗಣಕದಲ್ಲಿ ವಾರಕ್ಕೆ ನಾಲ್ಕು ಗಂಟೆಗಳ ಕಾಲವನ್ನು ಗೊತ್ತುಮಾಡಿದ್ದರು. ಅವನ ಲೆಕ್ಕಾಚಾರಕ್ಕೆ ಅದು ಎಲ್ಲಿಯೂ ಸಾಲದು. 1962ರಲ್ಲಿ ಅವನು ಒಂದು ಉಪಾಯ ಮಾಡಿದ. ಕಡತಗಳನ್ನು ಮುದ್ರಿಸಿಕೊಡುವಂತೆ ರಂಧ್ರಪತ್ರದ ಮೂಲಕ ಕೋರುವ ಏರ್ಪಾಡು ಅಲ್ಲಿತ್ತು. ಒಂದು ಶುಕ್ರವಾರ ರಾತ್ರಿ ಗುಪ್ತಪದಗಳ ಕಡತವನ್ನೇ ಮುದ್ರಿಸಬೇಕೆಂದು ಕೋರಿ ಪತ್ರವನ್ನು ಸಲ್ಲಿಸಿದ. ಶನಿವಾರ ಬೆಳಗ್ಗೆ ಹೋಗಿ ಮುದ್ರಿತ ಹಾಳೆಗಳನ್ನು ಎತ್ತಿಕೊಂಡು ಬಂದ. ಯಂತ್ರ ಕೇಳಿದ್ದನ್ನು ಕೊಟ್ಟಿತು, ಅಷ್ಟೆ. ತಾನು ಮಾಡಿದ್ದನ್ನು ಶೆರ್ ಒಪ್ಪಿಕೊಂಡದ್ದು ಸುಮಾರು ಇಪ್ಪತ್ತೈದು ವರ್ಷಗಳಾದ ಮೇಲೆ.

ಅದೇ ಯಂತ್ರದಲ್ಲಿ ಆ ದಶಕದಲ್ಲಿಯೇ ಇನ್ನೊಂದು ಪ್ರಸಂಗ ನಡೆಯಿತು. ಇದರಲ್ಲಿ ಯಾರ ಕಪಟವೂ ಇರಲಿಲ್ಲ. ಒಬ್ಬ ಮೇಲ್ವಿಚಾರಕರು ಬಳಕೆದಾರರಿಗೆ ದಿನವೂ ಕಾಣಿಸುವ ಪ್ರಕಟಣೆಯನ್ನು ತಿದ್ದುತ್ತಿದ್ದರು. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಗುಪ್ತಪದಗಳ ಕಡತವನ್ನು ತಿದ್ದುತ್ತಿದ್ದರು. ತಿದ್ದುವಾಗ ಯಂತ್ರವು ತಾತ್ಕಾಲಿಕವಾಗಿ ಬರೆದುಕೊಳ್ಳುವ ಕಡತಕ್ಕೆ ಇಬ್ಬರಲ್ಲಿಯೂ ಒಂದೇ ಹೆಸರಿತ್ತು. ಎರಡೂ ಅದಲು ಬದಲಾದವು. ಅಂದು ಗಣಕದ ಮುಂದೆ ಕುಳಿತವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳೂ ಓದಲು ಸಿಕ್ಕವು!

ಈ ಅನುಭವಗಳಿಂದ ಒಂದು ಮುಖ್ಯವಾದ ವಿಚಾರ ಹುಟ್ಟಿತು. ಬಾಗಿಲು ಕಾಯುವವನಿಗೆ ಗುಪ್ತಪದ ತಿಳಿದಿರಲೇಬೇಕೆ? ಬೇಕಾಗಿಲ್ಲ. ರಾಗಿಯನ್ನು ಬೀಸುಕಲ್ಲಿಗೆ ಹಾಕಿ ಬೀಸಿದರೆ ಹಿಟ್ಟಾಗುತ್ತದೆ; ಹಿಟ್ಟನ್ನು ಎಷ್ಟು ತಿರುಗಿಸಿದರೂ ಮತ್ತೆ ಕಾಳಾಗದು. ಗುಪ್ತಪದವನ್ನೂ ಹೀಗೆ ಗಣಿತದ ಬೀಸುಕಲ್ಲಿನಲ್ಲಿ ಬೀಸಬಹುದು. ಒಂದೇ ಪದವನ್ನು ಬೀಸಿದಾಗ ಎಂದಿಗೂ ಒಂದೇ ಬಗೆಯ ಹಿಟ್ಟು ಬರುತ್ತದೆ. ಆದರೆ ಹಿಟ್ಟನ್ನು ನೋಡಿ ಪದವನ್ನು ಹೇಳಲು ಬಾರದು. ಕಾವಲುಗಾರನು ಹಿಟ್ಟನ್ನು ಮಾತ್ರ ಇಟ್ಟುಕೊಂಡಿದ್ದರೆ ಸಾಕು. ಬಂದವರು ಹೇಳಿದ ಪದವನ್ನು ಬೀಸಿ, ತನ್ನಲ್ಲಿರುವ ಹಿಟ್ಟಿನೊಡನೆ ಹೋಲಿಸಿ ನೋಡುತ್ತಾನೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೋಜರ್ ನೀಡಮ್ ಅವರು 1960ರ ದಶಕದಲ್ಲಿ ಈ ಉಪಾಯವನ್ನು ಬಳಕೆಗೆ ತಂದರು. ಇಂತಹ ಹಿಟ್ಟಿಗೆ ಗಣಕದ ಭಾಷೆಯಲ್ಲಿ ಹ್ಯಾಷ್ ಎಂದು ಹೆಸರು.

ಅಲ್ಲಿಗೆ ಕಳ್ಳರು ಸುಮ್ಮನಾದರೆ? ಹಿಟ್ಟನ್ನು ಕಾಳಾಗಿಸಲು ಬಾರದಿದ್ದರೇನು, ತಾವೂ ಒಂದು ಬೀಸುಕಲ್ಲನ್ನು ತಂದು, ನಿಘಂಟಿನಲ್ಲಿರುವ ಪದಗಳನ್ನೆಲ್ಲ ಬೀಸಿ ಹೋಲಿಸಿ ನೋಡಬಹುದಲ್ಲ! ಯುನಿಕ್ಸ್ ಎಂಬ ಪ್ರಸಿದ್ಧ ವ್ಯವಸ್ಥೆಯಲ್ಲಿ ದುಡಿದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಈ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ಅವರು ಜನರ 3289 ಗುಪ್ತಪದಗಳನ್ನು ಕಲೆಹಾಕಿ ಪರೀಕ್ಷಿಸಿದರು. 15 ಮಂದಿಯ ಗುಪ್ತಪದ ಒಂದೇ ಒಂದು ಅಕ್ಷರ. 72 ಮಂದಿಯದು ಎರಡು ಅಕ್ಷರ. 464 ಮಂದಿಯದು ಮೂರು ಅಕ್ಷರ. ನಿಘಂಟಿನ ಪದಗಳನ್ನೂ ಇತರ ಸುಲಭವಾದವುಗಳನ್ನೂ ಸೇರಿಸಿದರೆ ಒಟ್ಟು 2831, ಎಂದರೆ ನೂರಕ್ಕೆ ಎಂಬತ್ತಾರು, ಊಹೆಗೆ ಸಿಕ್ಕುವಂತಹವು. ಇದಕ್ಕೆ ಅವರು ಹೇಳಿದ ಪರಿಹಾರಗಳಲ್ಲಿ ಎರಡು ಇಂದಿಗೂ ಬಳಕೆಯಲ್ಲಿವೆ. ಮೊದಲನೆಯದು, ಬೀಸುಕಲ್ಲನ್ನು ಬೇಕೆಂದೇ ನಿಧಾನಗೊಳಿಸುವುದು. ಒಂದು ಸಲ ಬಾಗಿಲು ತೆರೆಯುವವನಿಗೆ ಸ್ವಲ್ಪ ತಡವಾದರೆ ಏನೂ ನಷ್ಟವಿಲ್ಲ; ಕೋಟಿ ಸಲ ಬೀಸಿ ನೋಡುವವನಿಗೆ ಮಾತ್ರ ಅದು ಭಾರವಾಗುತ್ತದೆ. ಎರಡನೆಯದು, ಬೀಸುವ ಮೊದಲು ಪ್ರತಿಯೊಂದು ಪದಕ್ಕೂ ಬೇರೆ ಬೇರೆ ಚಿಟಿಕೆಯನ್ನು ಬೆರೆಸುವುದು. ಇದಕ್ಕೆ ಅವರು ಇಟ್ಟ ಹೆಸರೇ ಉಪ್ಪು! ಉಪ್ಪು ಬೇರೆಯಾದರೆ ಒಂದೇ ಪದದಿಂದಲೂ ಬೇರೆ ಹಿಟ್ಟು ಬರುತ್ತದೆ. ಅವರ ಏರ್ಪಾಡಿನಲ್ಲಿ 4096 ಬಗೆಯ ಉಪ್ಪುಗಳಿದ್ದವು. ಆದುದರಿಂದ ಮುಂಚಿತವಾಗಿಯೇ ಹಿಟ್ಟುಗಳ ಪಟ್ಟಿ ಮಾಡಿಡಬೇಕೆನ್ನುವ ಕಳ್ಳನ ಕೆಲಸ 4096 ಪಟ್ಟು ಹೆಚ್ಚಿತು.

ಈಗ ಪೋಸ್ಟ್‌ಗ್ರೆಸ್‌ನ ಬಳಿಗೆ ಮರಳೋಣ. ಅದರಲ್ಲಿ ಹೊಸ ಹೆಸರಿಗೆ ಗುಪ್ತಪದವನ್ನು ಗೊತ್ತುಮಾಡುವ ಕೆಲಸವನ್ನು ಹೆಚ್ಚಾಗಿ ಆಜ್ಞಾಸಾಲಿನಿಂದ ಮಾಡುತ್ತಾರೆ. ಚಿತ್ರಗಳಾಗಲಿ ಗುಂಡಿಗಳಾಗಲಿ ಇಲ್ಲದ ಕಪ್ಪು ತೆರೆ, ಅದರಲ್ಲಿ ಮಿನುಗುವ ಒಂದು ಗುರುತು. ಅಲ್ಲಿ ಒಂದು ಸಾಲನ್ನು ಬರೆದು ಗುಂಡಿಯನ್ನು ಒತ್ತಿದರೆ ಗಣಕವು ಹೇಳಿದ್ದನ್ನು ಮಾಡುತ್ತದೆ. ಇದೇ ಆಜ್ಞಾಸಾಲು. ಮೊದಲ ನೋಟಕ್ಕೆ ಇದು ಒರಟಾಗಿ ಕಂಡರೂ ಬಲ್ಲವರು ಇದನ್ನು ಬಿಟ್ಟುಕೊಡರು. ದೂರದ ಊರಿನಲ್ಲಿರುವ ಗಣಕಕ್ಕೂ ಇಲ್ಲಿಂದಲೇ ಆಜ್ಞೆ ಮಾಡಬಹುದು. ಇಂದು ಮಾಡಿದ ಕೆಲಸವನ್ನು ನಾಳೆ ಅಕ್ಷರಶಃ ಹಾಗೆಯೇ ಮಾಡಬಹುದು.

ಆದರೆ ಗುಟ್ಟಿನ ವಿಷಯದಲ್ಲಿ ಆಜ್ಞಾಸಾಲು ಬಾಯಿಬಡುಕ. ಬರೆದ ಆಜ್ಞೆಗಳನ್ನೆಲ್ಲ ಅದು ಚರಿತ್ರೆಯೆಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಿಂದಿನ ಆಜ್ಞೆಯನ್ನು ಮತ್ತೆ ಬರೆಯುವ ಶ್ರಮ ತಪ್ಪಲಿ ಎಂಬ ಸದುದ್ದೇಶದಿಂದ. ಆಜ್ಞೆಯ ಸಾಲಿನಲ್ಲಿಯೇ ಗುಪ್ತಪದವನ್ನೂ ಬರೆದರೆ ಅದೂ ಚರಿತ್ರೆಗೆ ಸೇರುತ್ತದೆ. ಸಾಲದುದಕ್ಕೆ, ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಪಿಎಸ್ ಎಂಬ ಎರಡಕ್ಷರದ ಆಜ್ಞೆಯಿದೆ. ಸದ್ಯದಲ್ಲಿ ನಡೆಯುತ್ತಿರುವ ಪ್ರೋಗ್ರಾಮುಗಳು ಯಾವುವು, ಅವುಗಳನ್ನು ಯಾವ ಸಾಲಿನಿಂದ ಆರಂಭಿಸಲಾಯಿತು ಎಂಬುದನ್ನು ಅದು ತೋರಿಸುತ್ತದೆ. ಸಾಮಾನ್ಯವಾಗಿ ಅದೇ ಗಣಕವನ್ನು ಬಳಸುವ ಇತರರೂ ಇದನ್ನು ನೋಡಬಹುದು. ಸಾಲಿನಲ್ಲಿ ಬರೆದ ಗುಪ್ತಪದ ಊರ ಬಾವಿಯ ಕಟ್ಟೆಯ ಮೇಲೆ ಕೂಗಿ ಹೇಳಿದಂತೆಯೇ ಸರಿ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ದತ್ತಸಂಚಯದಲ್ಲಿ ಹೀಗೆ ಬರೆಯಲು ಅವಕಾಶವಿದೆ. ಆದರೆ ಬರೆದವರಿಗೆ ಇದು ಅಪಾಯವೆಂಬ ಎಚ್ಚರಿಕೆಯನ್ನೂ ಅದು ಮುದ್ರಿಸುತ್ತದೆ. ಪೋಸ್ಟ್‌ಗ್ರೆಸ್‌ನವರು ಇನ್ನೂ ಬಿಗಿ. ಅವರ ಪಿಎಸ್‌ಕ್ಯೂಎಲ್ ಎಂಬ ಸಂಭಾಷಣೆಯ ಪ್ರೋಗ್ರಾಮಿನಲ್ಲಿ ಗುಪ್ತಪದವನ್ನು ಕೊಡುವುದಕ್ಕೆಂದೇ ಮೀಸಲಾದ ಸೂಚನಾಕ್ಷರವೇ ಇಲ್ಲ.

ಪಿಎಸ್‌ಕ್ಯೂಎಲ್‌ನ ಒಳಗೆ ಹೋದ ಮೇಲೆ ದಾರಿ ಎರಡು. ದತ್ತಸಂಚಯದ ಭಾಷೆಯಲ್ಲಿಯೇ, ಇಂತಹ ಹೆಸರಿಗೆ ಇಂತಹ ಗುಪ್ತಪದವಿರಲಿ ಎಂದು ಬರೆಯಬಹುದು. ಆ ಸಾಲು ಪಿಎಸ್‌ಕ್ಯೂಎಲ್‌ನ ಸ್ವಂತ ಚರಿತ್ರೆಯ ಕಡತಕ್ಕೆ ಸೇರುತ್ತದೆ. ಬಂದ ಆಜ್ಞೆಗಳನ್ನು ದಾಖಲಿಸುವಂತೆ ಏರ್ಪಡಿಸಿದ್ದರೆ ದತ್ತಸಂಚಯದ ದಿನಚರಿಯಲ್ಲಿಯೂ ಕೂಡುತ್ತದೆ. ಒಳ್ಳೆಯ ದಾರಿ ಎರಡನೆಯದು. ಒಂದು ಓರೆಗೆರೆಯನ್ನು ಎಳೆದು ಪಾಸ್‌ವರ್ಡ್ ಎಂದು ಬರೆದು, ಮುಂದೆ ಬಳಕೆದಾರನ ಹೆಸರನ್ನು ಮಾತ್ರ ಕೊಡುವುದು. ಆಗ ಪ್ರೋಗ್ರಾಮು ಹೊಸ ಗುಪ್ತಪದವನ್ನು ಎರಡು ಸಲ ಕೇಳುತ್ತದೆ. ಬೆರಳಚ್ಚಿಸುವಾಗ ತೆರೆಯ ಮೇಲೆ ಏನೂ ಮೂಡುವುದಿಲ್ಲ, ಚುಕ್ಕೆ ಕೂಡ. ಮೊದಲ ಸಲ ಬಳಸುವವರು ಕೀಲಿಮಣೆ ಕೆಟ್ಟಿತೆಂದೇ ತಿಳಿಯುವುದುಂಟು. ಎರಡು ಸಲ ಕೊಟ್ಟದ್ದು ಒಂದೇ ಆಗಿದ್ದರೆ, ಪ್ರೋಗ್ರಾಮು ಅದನ್ನು ಅಲ್ಲಿಯೇ ಬೀಸಿ ಹಿಟ್ಟನ್ನು ಮಾತ್ರ ದತ್ತಸಂಚಯಕ್ಕೆ ಕಳುಹಿಸುತ್ತದೆ. ದಿನಚರಿಯಲ್ಲಿ ದಾಖಲಾದರೂ ಹಿಟ್ಟೇ ದಾಖಲಾಗುತ್ತದೆ. 2017ರಲ್ಲಿ ಹೊರಬಂದ ಹತ್ತನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಸ್ಕ್ರಾಮ್ ಎಂಬ ವಿಧಾನವಿದೆ. ಇದರಲ್ಲಿ ಉಪ್ಪು ಬೆರೆತ ಗುಪ್ತಪದವನ್ನು, ವಿಶೇಷವಾಗಿ ಬೇರೆ ಹೇಳದಿದ್ದರೆ, 4096 ಸಲ ಬೀಸಲಾಗುತ್ತದೆ. ಮಾರಿಸ್ ಮತ್ತು ಥಾಂಪ್ಸನ್ ಅವರ ಉಪ್ಪಿನ ಸಂಖ್ಯೆಯೇ ಇಲ್ಲಿ ಮತ್ತೆ ಬಂದಿರುವುದು ಕೇವಲ ಆಕಸ್ಮಿಕ. ಗಣಕದವರಿಗೆ ಎರಡರ ಘಾತಗಳ ಮೇಲೆ ಮೋಹ ಹೆಚ್ಚು.

ಸೇವೆಗೆ ಕೊಡುವ ಗುಪ್ತಪದ ಎಂತಹುದಿರಬೇಕು? ನೆನಪಿಡುವ ಗೋಜಿಲ್ಲದುದರಿಂದ ಅದು ಎಷ್ಟು ವಿಕಾರವಾಗಿದ್ದರೂ ಅಡ್ಡಿಯಿಲ್ಲ. ಅರವತ್ತನಾಲ್ಕು ಚಿಹ್ನೆಗಳಿಂದ ಮೂವತ್ತೆರಡನ್ನು ಗೊತ್ತುಗುರಿಯಿಲ್ಲದೆ ಆರಿಸಿ ಜೋಡಿಸಿಕೊಡುವ ಆಜ್ಞೆಗಳು ಗಣಕದಲ್ಲಿವೆ. ಹಾಗೆ ಆಗಬಹುದಾದ ಜೋಡಣೆಗಳ ಸಂಖ್ಯೆ ಎರಡರ 192ನೆಯ ಘಾತ; ಬಿಡಿಸಿ ಬರೆದರೆ 58 ಅಂಕಿಗಳು. ಇದನ್ನು ಊಹಿಸುವ ಹಂಬಲವನ್ನು ಯಾವ ಕಳ್ಳನೂ ಇಟ್ಟುಕೊಳ್ಳುವುದಿಲ್ಲ. ಅವನು ಅದನ್ನು ಬರೆದಿಟ್ಟಿರುವ ಜಾಗವನ್ನು ಹುಡುಕುತ್ತಾನೆ.

ಆ ಜಾಗ ಪ್ರೋಗ್ರಾಮಿನ ಬರಹದ ಒಳಗೇ ಇರುವುದು ತೀರ ಕೆಟ್ಟದ್ದು. ಪ್ರೋಗ್ರಾಮಿನ ಬರಹವನ್ನು ಹಲವರು ಓದುತ್ತಾರೆ, ಪ್ರತಿ ಮಾಡುತ್ತಾರೆ, ಕೆಲವೊಮ್ಮೆ ಜಗತ್ತಿಗೆಲ್ಲ ತೆರೆದಿಡುತ್ತಾರೆ. ಹಳೆಯ ಪ್ರತಿಗಳನ್ನೆಲ್ಲ ಕಾದಿರಿಸುವ ಪದ್ಧತಿಯೂ ಇರುವುದರಿಂದ, ಇಂದು ಅಳಿಸಿದರೂ ನಿನ್ನೆಯ ಪ್ರತಿಯಲ್ಲಿ ಅದು ಉಳಿದೇ ಇರುತ್ತದೆ. ಆದುದರಿಂದ ಗುಪ್ತಪದಕ್ಕೆ ಪ್ರತ್ಯೇಕವಾದ ಒಂದು ಕಡತ ಬೇಕು. ಪೋಸ್ಟ್‌ಗ್ರೆಸ್‌ಗೆ ಪಿಜಿಪಾಸ್ ಎಂಬ ಇಂತಹ ಕಡತವಿದೆ. ಅದರ ಒಂದು ಸಾಲಿನಲ್ಲಿ ಐದು ಭಾಗಗಳು: ಗಣಕದ ಹೆಸರು, ಬಾಗಿಲಿನ ಸಂಖ್ಯೆ, ದತ್ತಸಂಚಯದ ಹೆಸರು, ಬಳಕೆದಾರನ ಹೆಸರು, ಕೊನೆಗೆ ಗುಪ್ತಪದ, ನಡುನಡುವೆ ಒಂದರ ಮೇಲೊಂದು ಎರಡು ಚುಕ್ಕೆ. ಬಾಗಿಲಿನ ಸಂಖ್ಯೆ ಸಾಮಾನ್ಯವಾಗಿ 5432.

ಕಡತವನ್ನು ಬರೆದರೆ ಮುಗಿಯಲಿಲ್ಲ. ಅದನ್ನು ಯಾರು ಓದಬಹುದು ಎಂಬುದನ್ನೂ ಹೇಳಬೇಕು. ಯುನಿಕ್ಸ್ ಮಾದರಿಯಲ್ಲಿ ಪ್ರತಿ ಕಡತಕ್ಕೂ ಮೂರು ಅಂಕಿಗಳ ಒಂದು ಸಂಖ್ಯೆಯಿರುತ್ತದೆ. ಮೊದಲ ಅಂಕಿ ಒಡೆಯನಿಗೆ, ಎರಡನೆಯದು ಅವನ ಗುಂಪಿನವರಿಗೆ, ಮೂರನೆಯದು ಉಳಿದವರಿಗೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಪ್ರೋಗ್ರಾಮಾಗಿ ನಡೆಸುವ ಹಕ್ಕಿಗೆ 1. ಕೊಟ್ಟ ಹಕ್ಕುಗಳನ್ನು ಕೂಡಿಸಿದರೆ ಅಂಕಿ ದೊರೆಯುತ್ತದೆ. ನಮ್ಮ ಕಡತವನ್ನು ಒಡೆಯನು ಓದಬೇಕು, ಬರೆಯಬೇಕು, ಇತರರು ಮುಟ್ಟಕೂಡದು. ಆದುದರಿಂದ ಅದರ ಸಂಖ್ಯೆ 600. ಯಾರಾದರೂ ಸೋಮಾರಿತನದಿಂದ 644 ಎಂದು ಬಿಟ್ಟಿದ್ದರೆ ಪೋಸ್ಟ್‌ಗ್ರೆಸ್‌ನ ಪ್ರೋಗ್ರಾಮು ಆ ಕಡತವನ್ನು ತೆರೆದೂ ನೋಡದು. ಎಚ್ಚರಿಕೆಯ ಒಂದು ಮಾತನ್ನು ಹೇಳಿ, ಕಡತವೇ ಇಲ್ಲವೆಂಬಂತೆ ಮುಂದೆ ಸಾಗುತ್ತದೆ. ಇಷ್ಟು ನಿಷ್ಠುರವಾಗಿರುವ ಪ್ರೋಗ್ರಾಮುಗಳು ನನಗಂತೂ ಇಷ್ಟ.

ಇನ್ನೊಂದು ಮಾತು. ಖಜಾನೆಯ ಎಲ್ಲ ಕೋಣೆಗಳ ಕೈಗಳನ್ನೂ ಒಬ್ಬ ಗುಮಾಸ್ತನಿಗೆ ಕೊಡುವುದಿಲ್ಲ. ಅಂಕಗಳನ್ನು ತೋರಿಸುವ ಸೇವೆಗೆ ಅಂಕಗಳ ಕೋಷ್ಟಕವನ್ನು ಓದುವ ಹಕ್ಕೊಂದೇ ಸಾಕು. ತಿದ್ದುವ ಹಕ್ಕನ್ನು ಕೊಡದಿದ್ದರೆ, ಕೈ ಕಳವಾದರೂ ಕಳ್ಳನು ಅದರಿಂದ ಮೂವತ್ತೈದನ್ನು ತೊಂಬತ್ತೈದು ಮಾಡಲಾರ.

ಬೀಗದ ಕೈಯನ್ನು ಆಗಾಗ ಬದಲಿಸಬೇಕಾಗುತ್ತದೆ. ಕೆಲಸ ಬಿಟ್ಟು ಹೋದವರಿಗೆ ಅದು ತಿಳಿದಿರಬಹುದು, ಅಥವಾ ಎಲ್ಲಿಯೋ ಬಯಲಾಗಿರಬಹುದು. ನನಗೆ ಒಂದು ಪುಸ್ತಕ ಭಂಡಾರದ ಗಣಕವನ್ನು ನೋಡಿಕೊಳ್ಳುವ ಕೆಲಸ ಕೆಲವು ಕಾಲ ಇತ್ತು. ಒಂದು ದಿನ ಸಂಜೆ, ಮೇಲೆ ಹೇಳಿದ ಕ್ರಮದಲ್ಲಿಯೇ ಗುಪ್ತಪದವನ್ನು ಬದಲಾಯಿಸಿದೆ. ಪುಸ್ತಕಗಳನ್ನು ಕೊಡುವ ಸೇವೆ ಏನೂ ಆಗದಂತೆ ನಡೆಯುತ್ತಲೇ ಇತ್ತು. ಎಲ್ಲವೂ ಸರಿಯಾಯಿತೆಂದು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದೆ. ರಾತ್ರಿ ವಿದ್ಯುತ್ತು ಹೋಗಿ ಬಂದಿತು. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಓದುಗರು ಸಾಲಾಗಿ ನಿಂತಿದ್ದರು. ಭಂಡಾರದ ಸಹಾಯಕರು ಹಳೆಯ ರಿಜಿಸ್ಟರನ್ನು ಹೊರತೆಗೆದು, ಧೂಳು ಕೊಡವಿ, ಪುಸ್ತಕಗಳ ಹೆಸರುಗಳನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಅವರು ಏನೂ ಹೇಳಲಿಲ್ಲ. ಲೇಖನಿಯನ್ನು ಮಾತ್ರ ಸ್ವಲ್ಪ ಜೋರಾಗಿ ಒತ್ತಿ ಬರೆದರು.

ಕಾರಣ ಇಷ್ಟೆ. ದತ್ತಸಂಚಯವು ಗುಪ್ತಪದವನ್ನು ಕೇಳುವುದು ಬಾಗಿಲಿನಲ್ಲಿ ಮಾತ್ರ. ಒಳಗೆ ಹೋದವರನ್ನು ಮತ್ತೆ ತಡೆದು ಕೇಳುವುದಿಲ್ಲ. ನಾನು ಕೈ ಬದಲಿಸಿದಾಗ ಸೇವೆ ಆಗಲೇ ಒಳಗಿತ್ತು. ಆದುದರಿಂದ ಅದಕ್ಕೆ ಏನೂ ತಿಳಿಯಲಿಲ್ಲ. ರಾತ್ರಿ ಬಿದ್ದು ಎದ್ದ ಮೇಲೆ ಅದು ತನ್ನ ಕಡತದಲ್ಲಿದ್ದ ಹಳೆಯ ಕೈಯನ್ನು ಹಿಡಿದು ಬಾಗಿಲಿಗೆ ಬಂದಿತು. ಬೀಗವನ್ನು ಬದಲಿಸಿದ ನಾನು ಸೇವೆಯ ಕಡತವನ್ನು ತಿದ್ದುವುದನ್ನೇ ಮರೆತಿದ್ದೆ. ತಪ್ಪನ್ನು ತಿದ್ದಲು ಹಿಡಿದದ್ದು ಎರಡು ನಿಮಿಷ. ಅದನ್ನು ಕಂಡುಹಿಡಿಯಲು ಒಂದೂವರೆ ಗಂಟೆ.

ಇದಕ್ಕೆ ಬಲ್ಲವರು ಒಂದು ಉಪಾಯವನ್ನು ಹೇಳುತ್ತಾರೆ. ಒಂದೇ ಸೇವೆಗೆ ಸಮಾನವಾದ ಹಕ್ಕುಗಳುಳ್ಳ ಎರಡು ಹೆಸರುಗಳನ್ನು ಮಾಡಿಡಬೇಕು. ಸೇವೆಯು ಮೊದಲನೆಯ ಹೆಸರಿನಲ್ಲಿ ನಡೆಯುತ್ತಿರುವಾಗ ಎರಡನೆಯದಕ್ಕೆ ಹೊಸ ಗುಪ್ತಪದವನ್ನು ಗೊತ್ತುಮಾಡಿ, ಆ ಹೆಸರನ್ನೂ ಪದವನ್ನೂ ಸೇವೆಯ ಕಡತದಲ್ಲಿ ಬರೆದು, ಸೇವೆಯನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು. ಹೊಸ ಕೈಯಿಂದ ಬಾಗಿಲು ತೆರೆಯಿತೆಂಬುದು ಕಣ್ಣಾರೆ ಕಂಡ ಮೇಲೆಯೇ ಮೊದಲನೆಯ ಹೆಸರಿನ ಕೈಯನ್ನು ಕೆಡಿಸಬೇಕು. ತೆರೆಯದಿದ್ದರೆ ಹಳೆಯದು ಇನ್ನೂ ಇದ್ದೇ ಇರುತ್ತದೆ. ಮುಂದಿನ ಸಲ ಸರದಿ ತಿರುಗುಮುರುಗಾಗುತ್ತದೆ. ಆ ಪುಸ್ತಕ ಭಂಡಾರದಲ್ಲಿ ನಾವು ಹೀಗೆಯೇ ಮಾಡತೊಡಗಿದೆವು. ಸಂಜೆಯ ಬದಲು ಬೆಳಗ್ಗೆ ಹತ್ತು ಗಂಟೆಗೆ, ಸಹಾಯಕರು ಪಕ್ಕದಲ್ಲಿ ನಿಂತಿರುವಾಗ. ರಿಜಿಸ್ಟರನ್ನು ಅವರು ಮೇಜಿನ ಮೇಲೆಯೇ ತೆರೆದಿಟ್ಟುಕೊಂಡಿರುತ್ತಿದ್ದರು.